ಮೂರು ದಿನ ಮುಂದೆ ನಡೆದ ನೆಗಡಿ

ಹುಕ್ಕಾ ಸೇದುವಾಗ ಅದರ ಬುರುಡೆಯಲ್ಲಿ ನೀರು ಸದ್ದು ಮಾಡುತ್ತದಲ್ಲ, ಅಂಥದೇ ಸದ್ದು, ಆದರೆ ಬಹಳ ಸಣ್ಣದು. ಗೊರ್ ಎಂದು ಒಂದು ಸಲ, ಆಮೇಲೆ ಒಂದು ತಡೆ, ಮತ್ತೆ ಗೊರ್. ಸಿಂಧನೂರಿನ ನಮ್ಮ ಮನೆಯ ಹಿತ್ತಲಲ್ಲಿ, ಬಾಣಂತಿ ಕೋಣೆಯ ಬೆಳಕಿಂಡಿಯ ಕೆಳಗೆ ನಿಂತು ಅದನ್ನು ಕೇಳುತ್ತಿದ್ದೆ. ಒಳಗೆ ನನ್ನ ಅಕ್ಕನ ಕೂಸು. ಹುಟ್ಟಿ ಹದಿನಾರು ದಿನ. ಮೂಗು ಕಟ್ಟಿ ಮೊಲೆ ಹಿಡಿಯಲಾರದೆ ಒದ್ದಾಡುತ್ತಿತ್ತು. ಆ ನೆಗಡಿಯನ್ನು ಅದಕ್ಕೆ ಕೊಟ್ಟವಳು ನಾನು. ಮನೆಯಲ್ಲಿ ಅದು ನನಗೊಬ್ಬಳಿಗೇ ಗೊತ್ತಿತ್ತು.

ನೆಗಡಿಯ ಬಗ್ಗೆ ಯಾರಾದರೂ ಅನುಭವ ಬರೆಯುತ್ತಾರೆಯೇ ಎಂದು ನೀವು ನಗಬಹುದು. ದೊಡ್ಡ ಆಪರೇಷನ್ ಆದವರು ಬರೆಯುತ್ತಾರೆ, ಬರೆಯಲಿ. ನನ್ನದು ಬರೀ ಕಾಮನ್ ಕೋಲ್ಡ್. ಆದರೆ ಮೊನ್ನೆ ನನ್ನ ಮೊಮ್ಮಗಳು, ತನ್ನ ನೆಗಡಿ ಎರಡು ತಿಂಗಳ ಮಗುವಿಗೆ ತಗುಲಿತೆಂದು ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು. ತಾನೊಬ್ಬಳೇ ಅಂಥ ಪಾಪಿ ಅನ್ನುವ ಹಾಗೆ. ಅವಳಿಗೆ ಫೋನಿನಲ್ಲಿ ಹೇಳಲಾರದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನನಗೆ ಹದಿಮೂರು. ಸಿಕಂದರಾಬಾದಿನ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಅಲ್ಲಿ ನಾನು ನೆಲ್ಲಿ, ಮನೆಯಲ್ಲಿ ನೀಲಿ. ಅಪ್ಪ ಲಿಂಗಸುಗೂರಿನ ಅದಾಲತ್ತಿನಲ್ಲಿ ವಕೀಲರು. ವಾರವೆಲ್ಲ ಅಲ್ಲಿದ್ದು ರಜೆಗೆ ಸಿಂಧನೂರಿಗೆ ಬರುತ್ತಿದ್ದರು. ಹುಡುಗಿಗೆ ಇಂಗ್ಲಿಷ್ ಯಾಕೆಂದು ಬಳಗ ಕೇಳಿದಾಗ, "ಕಚೇರ್ಯಾಗ ಉರ್ದು, ಮನ್ಯಾಗ ಕನ್ನಡ. ನಡಕ ಒಂದು ಇಂಗ್ಲಿಷ್ ಇದ್ರ ಯಾರ ಗಂಟು ಹೋಗತೈತಿ" ಅಂದವರು.

ಆ ವರ್ಷ ಕ್ರಿಸ್‌ಮಸ್ ರಜೆಗೆ ಹೊರಡುವಾಗ ಬೋರ್ಡಿಂಗಿನಲ್ಲಿ ಅರ್ಧ ಹುಡುಗಿಯರು ಮೂಗೊರೆಸಿಕೊಳ್ಳುತ್ತಿದ್ದರು. ರಾಯಚೂರಿನವರೆಗೆ ರೈಲು, ಅಲ್ಲಿಂದ ಮೋಟಾರು ಬಸ್ಸು. ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲ ಗ್ಯಾಸಿನಿಂದ ಓಡಲೆಂದು ಮೋಟಾರಿನ ಬೆನ್ನಿಗೆ ಒಲೆ ಕಟ್ಟಿರುತ್ತಿದ್ದರು. ಸಿಂಧನೂರಿನಲ್ಲಿ ಇಳಿಯುವಾಗ ಮೈಯೆಲ್ಲ ಮಸಿ, ಗಂಟಲಲ್ಲಿ ಜೋಳದ ತೆನೆಯ ಸುಂಕು ಹೊಕ್ಕ ಹಾಗೆ ತುರಿಕೆ.

ನೆಗಡಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾನ್ವೆಂಟಿನ ಸಿಸ್ಟರುಗಳ ಪ್ರಕಾರ ನೆಗಡಿ ಬರುವುದು ಒದ್ದೆ ಕಾಲಿನಿಂದ, ಕಿಟಕಿಯ ಡ್ರಾಫ್ಟಿನಿಂದ. ನಮ್ಮ ಮನೆಯ ಪ್ರಕಾರ ಮಜ್ಜಿಗೆಯಿಂದ, ಪೇರಲ ಹಣ್ಣಿನಿಂದ. ನನ್ನ ಕಾಲು ತೋಯ್ದಿರಲಿಲ್ಲ, ಮಜ್ಜಿಗೆ ಮುಟ್ಟಿರಲಿಲ್ಲ. ಎರಡೂ ಕಡೆಯ ವಿದ್ಯೆಯ ಪ್ರಕಾರ ನನಗೆ ನೆಗಡಿ ಆಗಿರಲು ಸಾಧ್ಯವೇ ಇರಲಿಲ್ಲ. ಆದರೂ ತುರಿಕೆಯ ವಿಷಯವನ್ನು ಯಾರಿಗೂ ಹೇಳಲಿಲ್ಲ ನೋಡಿ. ಅಂದ ಮೇಲೆ ಒಳಗೆಲ್ಲೋ ಗೊತ್ತಿತ್ತು.

ಹೇಳದಿದ್ದುದಕ್ಕೆ ಕಾರಣವಿತ್ತು. ಮಾರನೆಯ ದಿನ ಕೂಸಿಗೆ ಹೆಸರಿಡುವ ಶಾಸ್ತ್ರ. ಅಕ್ಕ ಗಂಗವ್ವನನ್ನು ಮಸ್ಕಿಗೆ ಕೊಟ್ಟಿತ್ತು. ಮೊದಲಿನ ಎರಡು ಕೂಸುಗಳೂ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಇದು ಮೂರನೆಯದು, ಹೆಣ್ಣು. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೆಸರು ಹೇಳಿ 'ಕುರ್‍ರ್' ಎಂದು ಊದುವ ಹಕ್ಕು ಸೋದರತ್ತೆಯದು. ಆದರೆ ಮಸ್ಕಿಯಿಂದ ಬಂದ ಸೋದರತ್ತೆ ಅಂದೇ ಮುಟ್ಟಾಗಿ ಹಿತ್ತಲ ಕಟ್ಟೆಯ ಮೇಲೆ ಕೂತಳು. "ಅತ್ತಿ ಇಲ್ಲದಿದ್ರ ಚಿಗವ್ವ" ಎಂದಳು ಆಯಿ, ನಮ್ಮಪ್ಪನ ತಾಯಿ. ಚಿಗವ್ವ ಎಂದರೆ ನಾನು. ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ಈಗ ಇಮಾಂಬಿಯ ವಿಷಯ ಹೇಳಬೇಕು. ಇಮಾಂಬಿ ನಮ್ಮ ಓಣಿಯ ಸೂಲಗಿತ್ತಿ. ಎತ್ತರದ ಆಳು, ಸದಾ ತೋಳು ಮಡಿಚಿದ ಕುಪ್ಪಸ, ಮೊಣಕೈತನಕ ಉಜ್ಜಿ ಉಜ್ಜಿ ಬೆಳ್ಳಗಾದ ಕೈ. ಅಕ್ಕನ ಹೆರಿಗೆ ಮಾಡಿದವಳು ಅವಳೇ. ಹೆರಿಗೆಯಾದ ದಿನದಿಂದ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಕೂತು, ಬಂದ ಹೆಂಗಸರ ಮೂಗಿನ ಕೆಳಗೆ ಒಂದೆಳೆ ಹತ್ತಿ ಹಿಡಿಯುತ್ತಿದ್ದಳಂತೆ. ಎರಡೂ ಹೊಳ್ಳೆಗೆ ಹತ್ತಿ ಅಲುಗಿದರೆ ಒಳಗೆ. ಇಲ್ಲದಿದ್ದರೆ, "ಈ ಕಡಿ ಗಾಳಿ ಆಡವಲ್ದು. ಹೊರಗ ಕುಂತು ಮಾತಾಡವ್ವ, ಕೂಸು ಎಲ್ಲೂ ಓಡಿ ಹೋಗಂಗಿಲ್ಲ." ಹೆಂಗಸರು ಇದನ್ನು ದೃಷ್ಟಿ ನೋಡುವ ಯಾವುದೋ ವಿದ್ಯೆ ಎಂದುಕೊಂಡು ಸುಮ್ಮನೆ ಹೊರಗೆ ಕೂರುತ್ತಿದ್ದರು.

"ಇದ್ಯಾವ ಮಂತ್ರನ ಇಮಾಂಬಿ?" ಎಂದು ಆಯಿ ಕೇಳಿದ್ದಳು.

"ಮಂತ್ರ ಅಲ್ರಿ ಅಮ್ಮಾರ. ನಿನಗ ನೆಗಡಿ ಐತಿ ಅಂತ ನಾ ಅಂದ್ರ ಸಿಟ್ಟಿಗೇಳ್ತಾರ. ಹತ್ತಿ ಅಂದ್ರ ಸುಮ್ಮನ ಕೇಳ್ತಾರ."

ಹೆಸರಿಡುವ ದಿನ ಬೆಳಿಗ್ಗೆ ಸಾಲಗುಂದದಿಂದ ಬಂಡಿ ಬಂತು, ಅಲ್ಲೊಂದು ಕಷ್ಟದ ಹೆರಿಗೆ. ಇಮಾಂಬಿ ಹತ್ತಿಯನ್ನು ಅವ್ವನ ಕೈಗೆ ಕೊಟ್ಟು ಹೋದಳು. ಅವ್ವ ಬಂದವರಿಗೆಲ್ಲ ಹಿಡಿದಳು. ನಾನು ಬಂದಾಗ ಕೈ ಕೆಳಗಿಳಿಸಿ, "ಮನಿ ಹುಡುಗಿಗೆ ಏನ್ ಹತ್ತಿ ಹಿಡಿಯೋದು, ನಡಿ" ಎಂದಳು. ಬೇರೆಯವರ ನೆಗಡಿಯೇ ನೆಗಡಿ, ನಮ್ಮದು ಪ್ರೀತಿ ಎಂದು ತಿಳಿಯುವುದು ನಮ್ಮ ಮನೆಗಳ ಹಳೆಯ ತಪ್ಪು.

ತೊಟ್ಟಿಲ ಹತ್ತಿರ ನನಗೆ ಎರಡು ಸಲ ಸೀನು ಬಂತು. ಮೂಗಿನ ಬುಡಕ್ಕೆ ಬೆರಳೊತ್ತಿ ಸೀನನ್ನು ಹಿಂದೆ ಸರಿಸುವುದನ್ನು ಕಾನ್ವೆಂಟಿನಲ್ಲಿ ಕಲಿಸಿದ್ದರು. ಲೇಡಿಯಾದವಳು ನಾಲ್ಕು ಜನರ ನಡುವೆ ಸೀನಬಾರದು. ಹಾಗೆಯೇ ಮಾಡಿದೆ. ಆಮೇಲೆ ಅದೇ ಬೆರಳಿನಿಂದ ಕೂಸಿನ ಕೆನ್ನೆ ಸವರಿ, ಕಿವಿಗೆ ಬಾಯಿ ಹಚ್ಚಿ, "ಪಾರ್ವತೀ, ಕುರ್‍ರ್" ಎಂದು ಊದಿದೆ. ಹೆಂಗಸರು ನಗುತ್ತ, ಶಾಸ್ತ್ರದ ಪ್ರಕಾರ, ನನ್ನ ಬೆನ್ನ ಮೇಲೆ ಗುದ್ದಿದರು. ಮಠದ ಅಯ್ಯನವರು ಕೂಸಿಗೆ ಪುಟ್ಟ ಲಿಂಗ ಕಟ್ಟಿದರು.

ಮಾರನೆಯ ದಿನ ಏಳುವಾಗ ತಲೆ ಎತ್ತಲಾಗಲಿಲ್ಲ. ಮೂಗು ನಲ್ಲಿಯಾಗಿತ್ತು, ಮೈ ಬೆಂಕಿ. ಆಯಿ ಮೆಣಸು, ಶುಂಠಿ ಕುದಿಸಿ ಕೊಟ್ಟಳು. ಅಪ್ಪನಿಗೆ ಸಮಾಧಾನವಾಗಲಿಲ್ಲ. ಎರಡು ಕೂಸು ಕಳೆದುಕೊಂಡ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಎಲ್ಲರ ಮುಖ ಒಂದೇ ಥರ ಆಗುತ್ತಿತ್ತು. ಬೆಳಗಿನ ಮೋಟಾರಿನಲ್ಲಿ ತಮ್ಮ ಜೊತೆ ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದರು.

ದವಾಖಾನೆಯ ಪಡಸಾಲೆಯಲ್ಲಿ ಗಂಡಸರಿಗೆ ಬೆಂಚು, ಹೆಂಗಸರಿಗೆ ಬಿದಿರಿನ ಪರದೆಯ ಹಿಂದೆ ಚಾಪೆ. ಕಾಯುವುದು ಎಂಬ ಕೆಲಸವನ್ನು ನಾನು ಕಲಿತದ್ದು ಅಲ್ಲಿ. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಮೊಣಕಾಲು ಹಿಡಿದುಕೊಂಡು ಕೂತಿದ್ದಳು. ನನ್ನ ಕಸೂತಿಯ ಹ್ಯಾಂಕಿಯನ್ನು ನೋಡಿ, "ಇಷ್ಟು ಚಂದ ಹೂವು ಹಾಕೀರಿ, ಅದರಾಗ ಮೂಗು ಒರಸ್ತೀರೇನವ್ವ" ಎಂದು ತನ್ನ ಸೆರಗಿನ ಚಿಂದಿ ಹರಿದು ಕೊಟ್ಟಳು. ನಗು ಬಂತು, ನಗಲು ಹೋಗಿ ಕೆಮ್ಮಿದೆ.

ಡಾಕ್ಟರ ಸಾಹೇಬರು ಗಂಟಲು ನೋಡಿದರು, ಬೆನ್ನಿಗೆ ನಳಿಗೆ ಹಚ್ಚಿ ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ವಕೀಲ ಸಾಬ್, ಮನ್ಯಾಗ ಸಣ್ಣ ಕೂಸು ಐತೇನ್ರಿ?" ಎಂದರು.

"ಐತ್ರಿ. ಆದ್ರ ಅದು ಬಾಣಂತಿ ಕೋಣ್ಯಾಗ, ಇಕಿ ಹೊರಗ" ಎಂದರು ಅಪ್ಪ. ಮನೆಯ ಗಂಡಸರು ತೊಟ್ಟಿಲ ಶಾಸ್ತ್ರಕ್ಕೆ ಬಂದಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ.

ಸಾಹೇಬರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಉರ್ದು ಬೋರ್ಡನ್ನು ನೋಡಿದೆ. ಐ ಸೆಡ್ ನಥಿಂಗ್. ಆ ಮೌನ ನನ್ನ ಜೀವನದ ಮೊದಲ ದೊಡ್ಡ ಸುಳ್ಳು.

ಬಾಟಲಿಗೆ ಡೋಸಿನ ಗುರುತಿಗೆಂದು ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತ ಕಂಪೌಂಡರ್ ಮೆಲ್ಲಗೆ ಹೇಳಿದ: "ಇದರಿಂದ ಮೈನೋವು ಕಡಿಮಿ ಆಗತೈತಿ ಬೇಟಿ. ನೆಗಡಿ ಮಾತ್ರ ತಾನ ಬಂದೈತಿ, ತಾನ ಹೋಗಬೇಕು. ನೀರು ಕುಡಿ, ಮಕ್ಕೊ." ಔಷಧಿ ಕೊಡುವವನೇ ಔಷಧಿಯ ಮಿತಿಯನ್ನು ಹೇಳಿದ. ಎಂಬತ್ತು ವರ್ಷಗಳಲ್ಲಿ ಬಹಳ ದೊಡ್ಡ ಡಾಕ್ಟರುಗಳನ್ನು ಕಂಡಿದ್ದೇನೆ, ಅಷ್ಟು ಆನೆಸ್ಟ್ ಆಗಿ ಮಾತನಾಡಿದವರು ಕಡಿಮೆ. ಸಂಜೆ ಮರಳುವಾಗ ಮಸ್ಕಿಯಲ್ಲಿ ಮೋಟಾರು ನಿಂತಿತು. ಅಕ್ಕನ ಮನೆಯವರು ಯಾರಾದರೂ ಕಂಡಾರೆಂದು ಗುಡ್ಡದ ಕಡೆ ಮುಖ ಮಾಡಿ ಕೂತೆ.

ಎರಡು ದಿನ ಕಳೆಯಿತು. ಆಗ ಶುರುವಾಯಿತು ಆ ಗೊರ್ ಸದ್ದು. ಕೂಸು ಮೊಲೆಗೆ ಬಾಯಿ ಹಚ್ಚುವುದು, ಉಸಿರು ಸಿಗದೆ ಬಿಡುವುದು, ಅಳುವುದು. ಮಧ್ಯಾಹ್ನದ ಹೊತ್ತಿಗೆ ಅಳುವ ಶಕ್ತಿಯೂ ಇರಲಿಲ್ಲ. ಸಾಲಗುಂದಕ್ಕೆ ಆಳು ಹೋಯಿತು. ಅಲ್ಲಿಯ ಬಾಣಂತಿಗೆ ಮರುಜೀವ ಬಂದಂತಾಗಿತ್ತಂತೆ, ಇಮಾಂಬಿ ಅವರದೇ ಬಂಡಿಯಲ್ಲಿ ಬಂದಳು.

ಬಂದವಳು ಕೂಸನ್ನು ಮುಟ್ಟಲಿಲ್ಲ. ಬಿಸಿನೀರು, ಸೀಗೆಪುಡಿ ಹಾಕಿ ಮೊಣಕೈತನಕ ತೊಳೆದಳು. ತೊಟ್ಟಿಲಿಗೆ ಕಿವಿ ಕೊಟ್ಟಳು. ಆಮೇಲೆ ಕೇಳಿದಳು: "ಇದು ಯಾರ ನೆಗಡಿ?"

"ಗಾಳಿಗೆ ಆಗಿರಬೇಕು" ಎಂದಳು ಅವ್ವ.

"ಗಾಳಿಗೆ ನೆಗಡಿ ಬರಂಗಿಲ್ರೀ ಅಕ್ಕಾರ, ಮಂದಿಗೆ ಬರತೈತಿ. ನಾ ಬೈಯಾಕ ಕೇಳಾಕತ್ತಿಲ್ಲ. ಅದು ಯಾವ ದಾರಿ ಹಿಡದು ಬಂದೈತಿ ಅಂತ ನನಗ ತಿಳೀಬೇಕು."

ಬೆಳಕಿಂಡಿಯ ಕೆಳಗಿನಿಂದ ನಾನು "ನಂದು" ಎಂದೆ. ಅವ್ವ ಬೆಳಕಿಂಡಿಯ ಕಡೆ ತಿರುಗಿದಳು. ಮತ್ತೆ ಹೇಳಿದೆ. "ನಂದು, ಇಮಾಂಬಿ. ಹೆಸರಿಟ್ಟ ದಿನಾನ ಗಂಟಲು ತುರಸ್ತಿತ್ತು. ನಾ ಹೇಳಲಿಲ್ಲ."

"ನೀಲೀ" ಎಂದಳು ಅಕ್ಕ ಒಳಗಿನಿಂದ. ಬೈಗುಳವಲ್ಲ, ಬರೀ ಹೆಸರು. ಬೈದಿದ್ದರೆ ಚೆನ್ನಾಗಿತ್ತು.

ಇಮಾಂಬಿ ಒಂದು ಉಪ್ಪಿನ ಹರಳನ್ನು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಹತ್ತಿ ಬತ್ತಿಯಿಂದ ಕೂಸಿನ ಮೂಗಿಗೆ ಒಂದೊಂದು ಹನಿ ಬಿಟ್ಟಳು. ಒಳಗಿನದು ಮೆತ್ತಗಾಯಿತು, ಹೊರಗೆ ಬರಲಿಲ್ಲ. ಬಾಯಿಂದ ಹೀರಿ ತೆಗೆಯಬೇಕು. ಇವತ್ತಿನ ಡಾಕ್ಟರು ಕೇಳಿದರೆ ಬೈಯುತ್ತಾರೆ, ಅದಕ್ಕೆಂದೇ ಈಗ ರಬ್ಬರಿನ ಪುಟ್ಟ ಬಲ್ಬ್ ಸಿಗುತ್ತದೆ. ಆಗ ಸೂಲಗಿತ್ತಿಯ ಬಾಯಿಯೇ ಬಲ್ಬು. ಬಗ್ಗಿದವಳು ಅರ್ಧದಲ್ಲೇ ನಿಂತಳು. ಕೂಸಿನ ಕೊರಳಲ್ಲಿ ಲಿಂಗವಿತ್ತು.

"ಅಮ್ಮಾರ, ಲಿಂಗ ಕಟ್ಟೀರಿ. ನಾ ಬಾಯಿ ಹಚ್ಚೋದು ಹ್ಯಾಂಗ್ರಿ?"

ಲಿಂಗ ಕಟ್ಟಿದ ಕೂಸಿಗೆ ಬೇರೆಯವರ ಎಂಜಲು ತಾಗಬಾರದು. ನಮ್ಮ ಆಯಿ ಮೂರು ಹೊತ್ತು ಲಿಂಗಪೂಜೆ ಮಾಡದೆ ನೀರು ಮುಟ್ಟದವಳು. ಆ ಬೆಳಕಿಂಡಿಯಿಂದ ಅವಳ ಮುಖ ನನಗೆ ಕಾಣುತ್ತಿತ್ತು. ಎರಡು ಮರಿಮೊಮ್ಮಕ್ಕಳನ್ನು ಮಣ್ಣಿಗೆ ಕೊಟ್ಟ ಮುಖ. ಅವಳು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಕೂಸಿನ ಕೊರಳಿನ ದಾರ ಬಿಚ್ಚಿ, ಲಿಂಗವನ್ನು ತನ್ನ ಎಡ ಅಂಗೈ ಮೇಲೆ ಇಟ್ಟುಕೊಂಡು, ತೊಟ್ಟಿಲ ಪಕ್ಕ ಪೂಜೆಗೆ ಕೂತ ಹಾಗೆ ಕೂತಳು.

"ಇದು ನನ್ನ ಕೈಯಾಗ ಇರತೈತಿ. ನೀ ನಿನ್ನ ಕೆಲಸ ಮಾಡು."

ಇಮಾಂಬಿ ಹೀರಿದಳು, ಬೂದಿಯ ಬೋಗುಣಿಗೆ ಉಗುಳಿದಳು, ಬಾಯಿ ಮುಕ್ಕಳಿಸಿ ಮತ್ತೆ ಹೀರಿದಳು. ಗೊರ್ ಸದ್ದು ನಿಂತಿತು. ಆಮೇಲೆ ಕೂಸು ಮೂಗಿನಿಂದ ಉದ್ದಕ್ಕೆ ಉಸಿರೆಳೆದು ಅತ್ತಿತು. ಅಕ್ಕನ ಹಾಲನ್ನು ಒಳಲೆಗೆ, ಆ ಕೊಕ್ಕಿನ ಬಟ್ಟಲಿಗೆ, ಹಿಂಡಿ ಹನಿ ಹನಿಯಾಗಿ ಕುಡಿಸಿದರು.

ಕೆಲಸ ಮುಗಿಸಿ ಇಮಾಂಬಿ ಬೆಳಕಿಂಡಿಗೆ ಬಂದಳು. "ಅಳೂದು ಸಾಕು. ಇನ್ನ ನಿನ್ನ ಕೆಲಸ ಐತಿ. ಕೂಸಿಗೆ ಬಾಯಿಲ್ಲ, ನಿನಗೈತಿ. ನಿನ್ನ ನೆಗಡಿ ಮೂರು ದಿನ ಮುಂದ ಹೊಂಟೈತಿ. ನಿನಗ ಇವತ್ತು ಆದದ್ದು ಕೂಸಿಗೆ ಮೂರು ದಿನಕ್ಕ ಆಗಬಹುದು. ದಿನಾ ಮುಂಜಾನಿ ಇಲ್ಲೇ ನಿಂತು ಎಲ್ಲಾ ಹೇಳಬೇಕು. ಇದ್ದದ್ದು ಇದ್ದಂಗ."

ಅಷ್ಟು ದಿನ ಯಾರಿಗೂ ಬೇಡವಾಗಿದ್ದ ನನ್ನ ನೆಗಡಿಗೆ ಒಂದು ಉಪಯೋಗ ಹುಟ್ಟಿತು. ಮುಂಜಾನೆ ಎದ್ದು ನನ್ನ ಮೂಗು, ಗಂಟಲು, ಕಿವಿ, ಎದೆ ಎಲ್ಲವನ್ನೂ ಪರೀಕ್ಷೆಯ ಉತ್ತರದಂತೆ ಮನಸ್ಸಿನಲ್ಲಿ ಬರೆದುಕೊಂಡು ಹೋಗಿ ಒಪ್ಪಿಸುತ್ತಿದ್ದೆ. ಮೂಗಿನ ನೀರು ಗಟ್ಟಿಯಾಗಿದೆ. ಜ್ವರ ಇಳಿದಿದೆ. ಊಟ ಮಣ್ಣಿನಂತಿದೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು, ಅಕ್ಕನಿಗೆ ಏನೋ ಹೇಳುತ್ತಿದ್ದಳು.

ಒಪ್ಪಿಸಲು ಶುರುಮಾಡಿದ ಮರುದಿನವೇ ನನಗೆ ಕೆಮ್ಮು ಹಿಡಿಯಿತು, ಬಲಗಿವಿಯಲ್ಲಿ ಚುಚ್ಚು. ಅದನ್ನು ಹೇಳಬಾರದೆನ್ನಿಸಿತು. ಒಳಗೆ ಅಕ್ಕ ಕೇಳಿಸಿಕೊಳ್ಳುತ್ತಾಳೆ. "ಆರಾಮ ಆಗೈತಿ" ಎಂದರೆ ಅವಳ ಒಂದು ದಿನವಾದರೂ ಹಗುರಾದೀತು. ನನ್ನ ಮೇಲಿನ ಸಿಟ್ಟೂ ಇಳಿದೀತು. ಬಾಯಿ ತೆರೆದೆ. ಆದರೆ ಲಿಂಗಸುಗೂರಿನ ಉರ್ದು ಬೋರ್ಡು ಕಣ್ಣಮುಂದೆ ಬಂತು.

"ಕೆಮ್ಮು ಬಂದೈತಿ. ಎದ್ಯಾಗ ಗರಗರ ಅಂತೈತಿ. ಕಿವೀನೂ ನೋಯಾಕತ್ತೈತಿ."

"ಶಾಬಾಸ್" ಎಂದಳು ಇಮಾಂಬಿ. ಒಳಗೆ ತಿರುಗಿ ಅಕ್ಕನಿಗೆ ಹೇಳಿದಳು: "ಕೇಳಿದೇನವ್ವ? ಮೂರು ದಿನಕ್ಕ ಕೂಸಿಗೂ ಕೆಮ್ಮು ಬರತೈತಿ. ಬರ್ಲಿ. ಕಳ್ಳ ಬರೂ ದಿನ ಗೊತ್ತಾದ್ರ ಎದ್ದು ಕುಂತಿರಬಹುದು. ಆ ಹೊತ್ತಿಗೆ ಕೂಸಿನ ಪಕ್ಕಿ ಎಲುಬು ನೋಡೋಣು. ಉಸಿರಿಗೊಮ್ಮೆ ಪಕ್ಕಿ ಒಳಗ ಜಗ್ಗಿದ್ರ ಸೀದಾ ಮೋಟಾರು, ಲಿಂಗಸುಗೂರು. ಜಗ್ಗದಿದ್ರ ಇಲ್ಲೇ."

ಕೆಮ್ಮು ಹೇಳಿದ ದಿನಕ್ಕೇ ಬಂತು. ಹಿಂದಿನ ಕೂಸಿಗೆ ಇಂಥದೇ ಕೆಮ್ಮು ಬಂದಾಗ ಮಸ್ಕಿಯಲ್ಲಿ ಗಾಬರಿಯಿಂದ ಅದರ ಹೊಟ್ಟೆಯ ಮೇಲೆ ಕಾಸಿದ ಬಳೆಯಿಂದ ಬರೆ ಎಳೆದಿದ್ದರಂತೆ. ಈ ಸಲ ಯಾರೂ ಬಳೆ ಕಾಸಲಿಲ್ಲ. ಬರುವುದು ಬಂತು ಎಂದು ಅಕ್ಕ ಕೂಸನ್ನು ಎದೆಗೆ ನೆಟ್ಟಗೆ ಆನಿಸಿಕೊಂಡು ಕೂತಳು, ಅವಳಿಗೆ ಸಾಕಾದಾಗ ಅವ್ವ, ಅವ್ವನಿಗೆ ಸಾಕಾದಾಗ ಆಯಿ. ತಾಸಿಗೊಮ್ಮೆ ಒಳಲೆ. ನನಗೆ ಬರೆದುಕೊಟ್ಟ ಮಿಕ್ಸ್ಚರನ್ನು ಒಂದು ಹನಿ ಕೂಸಿಗೂ ಹಾಕೋಣವೇ ಎಂದು ಅವ್ವ ಕೇಳಿದಾಗ ಇಮಾಂಬಿ ಬಾಟಲಿಯನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಳು. "ಅದು ದೊಡ್ಡವರದ್ದು." ಆಗಾಗ ಕೂಸಿನ ಅಂಗಿ ಎತ್ತಿ ಪಕ್ಕೆಯನ್ನು ನೋಡುತ್ತಿದ್ದಳು. ಪಕ್ಕೆ ಒಳಗೆ ಜಗ್ಗಲಿಲ್ಲ.

ಅದರ ಮಾರನೆಯ ಮುಂಜಾನೆ ಹಾಸಿಗೆಯಲ್ಲಿರುವಾಗಲೇ ನನಗೆ ಏನೋ ಘಮ್ ಎಂದಿತು. ಬಾಣಂತಿ ಕೋಣೆಯ ಕೆಂಡಕ್ಕೆ ಹಾಕಿದ ಅಜವಾನದ ಹೊಗೆ. ಎಷ್ಟೋ ದಿನದ ಮೇಲೆ ಬಂದ ಮೊದಲ ವಾಸನೆ. ಬರಿಗಾಲಲ್ಲಿ ಹಿತ್ತಲಿಗೆ ಓಡಿದೆ. "ಇಮಾಂಬಿ, ವಾಸನಿ ಬರಾಕತ್ತೈತಿ."

ಒಳಗಿನಿಂದ ಉತ್ತರವಾಗಿ ಬಂದದ್ದು ಒಂದು ದೊಡ್ಡ ಸೀನು. ಇಮಾಂಬಿಯದು.

ಆಯಿಯ ಮುಖ ಕಳೆಗುಂದಿತು. ಇಮಾಂಬಿ ಮೂಗೊರೆಸಿಕೊಂಡು ನಕ್ಕಳು. "ಅಂಜಬ್ಯಾಡ್ರಿ. ಕೂಸಿನ ಕಡಿಂದ ಬಂದದ್ದು ಹೊಳ್ಳಿ ಕೂಸಿಗೇನು ಮಾಡತೈತಿ. ಬಾಯಿ ಹಚ್ಚಿದ ದಿನಾನ ನನಗಿದು ಗೊತ್ತಿತ್ತು."

ಅಲ್ಲಿಂದ ಮೂರನೆಯ ದಿನ, ಅವಳ ಲೆಕ್ಕಕ್ಕೆ ಸರಿಯಾಗಿ, ಕೂಸು ಒಳಲೆಯನ್ನು ಕೈಯಿಂದ ನೂಕಿ ಮೊಲೆ ಹಿಡಿಯಿತು, ಹಿಡಿದದ್ದನ್ನು ಬಿಡಲಿಲ್ಲ. ಅದು ಚಪ್ಪರಿಸುವುದು ಹಿತ್ತಲಿನವರೆಗೂ ಕೇಳುತ್ತಿತ್ತು. ಅಕ್ಕ ಅಷ್ಟು ದಿನದ ಮೇಲೆ ನನ್ನ ಹೆಸರು ಹಿಡಿದು ಕರೆದಳು. "ನೀಲಿ, ನೋಡ ಬಾ. ಎಮ್ಮಿಕರದಂಗ ಕುಡಿಯಾಕತ್ತೈತಿ." ಹೊಸ್ತಿಲಲ್ಲಿ ಅವ್ವ ನನ್ನ ಮೂಗಿಗೆ ಹತ್ತಿ ಹಿಡಿದಳು. ನಾನು ಅಲುಗಾಡದೆ ನಿಂತೆ.

ಮೊಮ್ಮಗಳೇ, ನಿನಗೆ ಹೇಳಬೇಕಾದದ್ದು ಇಷ್ಟೇ. ನೆಗಡಿ ಕೊಟ್ಟವಳು ಹೊರಗೆ ನಿಂತು ಅಳುವುದರಿಂದ ಕೂಸಿಗೆ ಉಪಯೋಗವಿಲ್ಲ. ನಿನಗೆ ಏನೇನಾಯಿತೆಂದು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಮೂಗು ಬಿಡಿಸು, ಹಾಲು ಕುಡಿಸು, ಪಕ್ಕೆ ನೋಡು. ಪಾರ್ವತಿ ಚಿಕ್ಕಮ್ಮನನ್ನು ನೀನು ನೋಡಿದ್ದೀಯಲ್ಲ, ನಾಲ್ಕು ಮಕ್ಕಳ ತಾಯಿಯಾಗಿ, ಇಡೀ ಮನೆಗೆ ಕೇಳುವ ಹಾಗೆ ಗೊರಕೆ ಹೊಡೆಯುತ್ತ ಮಲಗುತ್ತಿದ್ದಳು.

ರಜೆ ಮುಗಿದು ನಾನು ಹೊರಟ ಬೆಳಿಗ್ಗೆ, ಮೋಟಾರು ಹತ್ತುವ ಮೊದಲು ಇಮಾಂಬಿಗೆ ಹೇಳಿ ಬರೋಣವೆಂದು ಅವಳ ಓಣಿಗೆ ಹೋದೆ. ಮನೆಯ ಮುಂದೆ ಬಂಡಿ ನಿಂತಿತ್ತು. ಗೊರೇಬಾಳದಿಂದ ಬಂದ ಒಬ್ಬ ನಡುವಯಸ್ಸಿನ ರೈತ ರುಮಾಲು ಕೈಯಲ್ಲಿ ಹಿಡಿದು, "ಚೊಚ್ಚಿಲು ಐತಬೇ, ನನ್ನ ಮಗಳು. ನೀನ ಬೇಕಂತಾಳ" ಎನ್ನುತ್ತಿದ್ದ. ಇಮಾಂಬಿ ಬಾಗಿಲಿನಿಂದ ಹತ್ತು ಹೆಜ್ಜೆ ಒಳಗೆ, ಕಂಬಳಿ ಹೊದ್ದು, ಸೆರಗನ್ನು ಮೂಗುಬಾಯಿಗೆ ಒತ್ತಿ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ಬರಂಗಿಲ್ಲಪ್ಪ. ಈ ಮೂಗು ಇಟಗೊಂಡು ನಾ ಹಸಿಕೂಸು ಮುಟ್ಟಂಗಿಲ್ಲ."

"ನಿನ್ನಂಥಾಕಿ ಇನ್ನೊಬ್ಬಾಕಿ ಎಲ್ಲಿ ತರ್ಲಿ?"

ನನಗೆ ಅದು ಅರ್ಥವಾದದ್ದು ಆ ಓಣಿಯಲ್ಲಿ. ಬೋರ್ಡಿಂಗಿನಿಂದ ನಾನು ತಂದದ್ದು ಪಾರ್ವತಿಯ ಮೂಗಿನಲ್ಲಿ ನಿಂತಿರಲಿಲ್ಲ. ಗೊರೇಬಾಳದ ಹೆಸರು ಗೊತ್ತಿಲ್ಲದ ಒಬ್ಬ ಹುಡುಗಿಯ ಹತ್ತಿರದಿಂದ ಅವಳ ಸೂಲಗಿತ್ತಿಯನ್ನು ತೆಗೆದುಕೊಂಡಿತ್ತು. ಆ ಹೆರಿಗೆ ಏನಾಯಿತೆಂದು ಆಮೇಲೆ ಯಾರನ್ನೂ ಕೇಳುವ ಧೈರ್ಯ ನನಗಾಗಲಿಲ್ಲ. ಮುಂದಿನ ರಜೆಗೆ ಬರುವಷ್ಟರಲ್ಲಿ ಇಮಾಂಬಿ ದಢೇಸುಗೂರಿನ ಮಗಳ ಮನೆಗೆ ಹೋಗಿದ್ದಳು, ಅಲ್ಲಿಂದ ಎಲ್ಲಿಗೋ.

ಅಂದು ಅವಳು ನನ್ನನ್ನು ನೋಡಲೇ ಇಲ್ಲ. ಕಂಬಳಿಯಿಂದ ಒಂದು ಕೈ ಹೊರಗೆ ತೆಗೆದು, ಸೆರಗಿನ ಹಿಂದಿನಿಂದಲೇ ಜೋರಾಗಿ, ಓಣಿಯ ತುದಿಯ ಇನ್ನೊಬ್ಬ ಸೂಲಗಿತ್ತಿಯ ಮನೆಯ ದಾರಿ ತೋರಿಸುತ್ತಿದ್ದಳು. "ನೀರು ಮರಳಬೇಕು ಅಂತ ಹೇಳು ಆಕಿಗೆ. ಕೈ ತೊಳಿಯೂತನಕ ಒಳಗ ಬಿಡಬ್ಯಾಡ್ರಿ. ಮತ್ತ ನಿಮ್ಮ ಮನ್ಯಾಗ ಯಾರಿಗೆ ನೆಗಡಿ ಐತಿ, ಅವರನ್ನ ಹೊಲಕ್ಕ ಕಳಸು." ರೈತ ರುಮಾಲು ಸುತ್ತಿಕೊಂಡು ಬಂಡಿ ಏರಿದ. ಬಂಡಿ ಮೂಲೆ ತಿರುಗಿದ ಮೇಲೂ ಅವಳು ಆ ಕೈಯನ್ನು ಇಳಿಸದೆ ಹಾಗೆಯೇ ನಿಂತಿದ್ದಳು.